ಆಯ್ಕೆಯ ಅಂಕಗಳೂ ನಮ್ಮ ಹೆಣ್ಣುಮಕ್ಕಳೂ

ಈ ಸ್ಮರಣ ಸಂಚಿಕೆಯ ಸಿದ್ಧತೆಗಾಗಿ ಕೂಡಿದ ಸಭೆಯಲ್ಲಿ ಪೋಷಕರಲ್ಲಿ ಕೆಲವರು ಒಂದು ಸೂಚನೆಯನ್ನು ಮುಂದಿಟ್ಟರು. ನಮ್ಮ ಪ್ರಾಥಮಿಕ ವಿಭಾಗದಿಂದ ಜವಾಹರ್ ನವೋದಯ ವಿದ್ಯಾಲಯಕ್ಕೂ ಅಂಥ ಇತರ ಆಯ್ಕೆಯ ಶಾಲೆಗಳಿಗೂ ಆರಿಸಲ್ಪಟ್ಟ ಬಾಲಕಿಯರ ಭಾವಚಿತ್ರಗಳನ್ನು, ಅಂಕಗಳು ತಿಳಿದಿರುವಲ್ಲಿ ಅಂಕಗಳ ಸಮೇತ, ಒಂದು ಪೂರ್ಣ ಪುಟದಲ್ಲಿ ಅಚ್ಚು ಹಾಕಿಸಬೇಕೆಂಬುದೇ ಆ ಸೂಚನೆ. ಅದು ಪ್ರೀತಿಯಿಂದ ಹುಟ್ಟಿದ ಸೂಚನೆಯೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದಾಗ್ಯೂ ಆ ಪುಟವನ್ನು ಬಿಟ್ಟುಬಿಡಬೇಕೆಂದು ನಾವು ಕೇಳಿಕೊಂಡೆವು. ಇದರಿಂದ ಹಲವರಿಗೆ ಅಸಮಾಧಾನವಾಯಿತು. ತಂದೆಯವರೊಬ್ಬರು ಎದ್ದುನಿಂತು, "ಗೆದ್ದ ಮಕ್ಕಳ ಹೆಸರನ್ನು ಮರೆಮಾಡುವುದು ಯಾವ ನ್ಯಾಯ, ಅಮ್ಮಾ?" ಎಂದು ಕೇಳಿದರು. ಪ್ರಶ್ನೆ ಸರಿಯಾದದ್ದೇ. ಅದಕ್ಕೆ ಆ ದಿನ ನಾವು ಕೊಟ್ಟ ಉತ್ತರವು ಚಿಕ್ಕದಾಗಿತ್ತು; ಪೂರ್ಣವಾದ ಉತ್ತರವನ್ನು ಹಳೆಯ ವಿದ್ಯಾರ್ಥಿನಿಯರ ಹಾಗೂ ಪೋಷಕರ ಮುಂದೆ ಇಲ್ಲಿ ಇಡುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಮೊದಲು ಆ ಪರೀಕ್ಷೆಯ ಸ್ವರೂಪವನ್ನು ತಿಳಿಯುವುದು ಲೇಸು. ಗ್ರಾಮಾಂತರ ಪ್ರದೇಶದ ಚುರುಕು ಬುದ್ಧಿಯ ಮಕ್ಕಳಿಗೆ, ಅವರ ಮನೆಯ ಹಣದ ಶಕ್ತಿಯನ್ನು ನೋಡದೆ, ಉತ್ತಮವಾದ ವಿದ್ಯಾಭ್ಯಾಸವು ದೊರೆಯಬೇಕೆಂಬ ಉದ್ದೇಶವನ್ನು 1986ರ ರಾಷ್ಟ್ರೀಯ ಶಿಕ್ಷಣ ನೀತಿಯು ಸಾರಿತು. ಅದಕ್ಕೆ ತುಸು ಮುಂಚೆಯೇ, 1985-86ರಲ್ಲಿ, ಹರಿಯಾಣದ ಝಜ್ಜರ್‌ನಲ್ಲಿಯೂ ಮಹಾರಾಷ್ಟ್ರದ ಅಮರಾವತಿಯಲ್ಲಿಯೂ ಪ್ರಯೋಗಾರ್ಥವಾಗಿ ಎರಡು ನವೋದಯ ವಿದ್ಯಾಲಯಗಳು ಆರಂಭವಾದವು. ಇಂದು ದೇಶದಲ್ಲಿ ಅವುಗಳ ಸಂಖ್ಯೆ 600ನ್ನು ಮೀರಿದೆ. ಅಲ್ಲಿ ಊಟ, ವಸತಿ, ಪುಸ್ತಕ, ಸಮವಸ್ತ್ರಗಳಿಗೆ ಮಕ್ಕಳು ಹಣ ಕೊಡಬೇಕಾಗಿಲ್ಲ. ಒಂದೊಂದು ವಿದ್ಯಾಲಯವು ವರ್ಷಕ್ಕೆ ಹೆಚ್ಚೆಂದರೆ 80 ಮಕ್ಕಳನ್ನು 6ನೆಯ ತರಗತಿಗೆ ಸೇರಿಸಿಕೊಳ್ಳುತ್ತದೆ. ಈ ಸ್ಥಾನಗಳಲ್ಲಿ ನೂರಕ್ಕೆ 75ಕ್ಕೆ ಕಡಿಮೆಯಿಲ್ಲದಷ್ಟು ಗ್ರಾಮೀಣ ಮಕ್ಕಳಿಗೆ ಮೀಸಲು. ಒಟ್ಟಿನಲ್ಲಿ ಮೂರರಲ್ಲಿ ಒಂದು ಪಾಲಾದರೂ ಬಾಲಕಿಯರಿಗೆ ಸಲ್ಲಬೇಕು. 5ನೆಯ ತರಗತಿಯಲ್ಲಿರುವ ಮಗುವು ತನ್ನ ಜಿಲ್ಲೆಯ ವಿದ್ಯಾಲಯಕ್ಕಾಗಿ ಪರೀಕ್ಷೆ ಬರೆಯುತ್ತದೆ. ಕನ್ನಡದಲ್ಲಿಯೇ ಬರೆಯಬಹುದು. 2 ಗಂಟೆಗಳ ಅವಧಿ, 80 ಪ್ರಶ್ನೆಗಳು, 100 ಅಂಕಗಳು. ಪ್ರಶ್ನೆಗಳಲ್ಲಿ 40 ಚಿತ್ರಗಳನ್ನು ನೋಡಿ ಯುಕ್ತಿಯಿಂದ ಉತ್ತರಿಸುವಂಥವು, 20 ಅಂಕಗಣಿತದವು, 20 ಭಾಷೆಯವು. ಈ ಪರೀಕ್ಷೆಯನ್ನು ಒಮ್ಮೆ ಬರೆದ ಮಗುವಿಗೆ ಎರಡನೆಯ ಬಾರಿ ಬರೆಯುವ ಅವಕಾಶವಿಲ್ಲ. ನಮ್ಮ ನಾಡಿನ ಆದರ್ಶ ವಿದ್ಯಾಲಯಗಳಿಗೂ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿಗೂ 6ನೆಯ ತರಗತಿಗೆ ಇಂಥದೇ ಪ್ರವೇಶ ಪರೀಕ್ಷೆಗಳುಂಟು.

ಇನ್ನು ಲೆಕ್ಕವನ್ನು ನೋಡೋಣ. 100 ಅಂಕಗಳನ್ನು 80 ಪ್ರಶ್ನೆಗಳಿಗೆ ಹಂಚಿದರೆ ಒಂದು ಪ್ರಶ್ನೆಗೆ ಒಂದೂಕಾಲು ಅಂಕ. 120 ನಿಮಿಷಗಳನ್ನು ಹಂಚಿದರೆ ಒಂದು ಪ್ರಶ್ನೆಗೆ ಒಂದೂವರೆ ನಿಮಿಷ. ಹತ್ತು ಹನ್ನೊಂದು ವರ್ಷದ ಬಾಲಕಿಯು ಬೆಳಗ್ಗೆ ಬೇಗನೆ ಎದ್ದು, ಬಸ್ಸು ಹಿಡಿದು, ಪರಿಚಯವಿಲ್ಲದ ಕಟ್ಟಡದಲ್ಲಿ ಪರಿಚಯವಿಲ್ಲದವರ ನಡುವೆ ಕುಳಿತು, ಉತ್ತರ ಪತ್ರಿಕೆಯ ಸಣ್ಣ ವೃತ್ತಗಳನ್ನು ಪೆನ್ನಿನಿಂದ ತುಂಬಬೇಕು. ಒಂದು ಸಾಲು ತಪ್ಪಿ ಕೆಳಗಿನ ವೃತ್ತವನ್ನು ತುಂಬಿದಳೆಂದರೆ ಮುಂದಿನ ಉತ್ತರಗಳೂ ಅಡ್ಡದಾರಿ ಹಿಡಿಯುತ್ತವೆ. ಆಯ್ಕೆಯಾದವರಲ್ಲಿ ಕಡೆಯವಳಿಗೂ ಆಯ್ಕೆಯಾಗದವರಲ್ಲಿ ಮೊದಲನೆಯವಳಿಗೂ ಇರುವ ಅಂತರವು ಅನೇಕ ವೇಳೆ ಒಂದೆರಡು ಪ್ರಶ್ನೆಗಳಿಗಿಂತ ಹೆಚ್ಚಿರಲಾರದು. ಆ ಅಂತರವನ್ನು ನಾವು ಮನೆಗೆ ತಂದು, ಒಬ್ಬಳನ್ನು "ಪ್ರತಿಭಾವಂತೆ" ಎಂದೂ ಮತ್ತೊಬ್ಬಳನ್ನು "ಸಾಮಾನ್ಯಳು" ಎಂದೂ ಕರೆಯುತ್ತೇವೆ.

ಆ 80 ಎಂಬ ಸಂಖ್ಯೆಯಾದರೂ ಎಲ್ಲಿಂದ ಬಂತು? ಮಕ್ಕಳ ಬುದ್ಧಿಯನ್ನು ಎಣಿಸಿ ಇಟ್ಟ ಸಂಖ್ಯೆ ಅದಲ್ಲ. ತರಗತಿಯ ಕೊಠಡಿಗಳು ಎಷ್ಟು, ನಿಲಯದಲ್ಲಿ ಮಂಚಗಳು ಎಷ್ಟು, ಸರಕಾರದ ಬೊಕ್ಕಸದಿಂದ ದೊರೆಯುವ ಹಣವೆಷ್ಟು ಎಂಬುದನ್ನು ನೋಡಿ ಇಟ್ಟದ್ದು. ಮಂಚಗಳು 160 ಆಗಿದ್ದರೆ 81ನೆಯ ಮಗುವೂ ಅದೇ ದಿನ ಪ್ರತಿಭಾವಂತರ ಪಟ್ಟಿಯಲ್ಲಿರುತ್ತಿತ್ತು. ಮಾತ್ರವಲ್ಲ, ಆಯ್ಕೆಯು ಜಿಲ್ಲೆಗೆ ಜಿಲ್ಲೆಗೆ ಬೇರೆಯಾಗಿ ನಡೆಯುವುದರಿಂದ ಒಂದು ಜಿಲ್ಲೆಯಲ್ಲಿ ಬಾಗಿಲು ತೆರೆದ ಅಂಕವು ನೆರೆಯ ಜಿಲ್ಲೆಯಲ್ಲಿ ಬಾಗಿಲನ್ನು ತೆರೆಯದೆಯೂ ಹೋಗಬಹುದು. ಮಗುವು ಗಡಿಯನ್ನು ದಾಟಿದ ಮಾತ್ರಕ್ಕೆ ಅದರ ಬುದ್ಧಿಯು ಹೆಚ್ಚು ಕಡಿಮೆಯಾಗುವುದುಂಟೇ? ಆದುದರಿಂದ ಆಯ್ಕೆಯ ಅಂಕವು ಸ್ಥಾನಗಳ ಲೆಕ್ಕವೇ ಹೊರತು ಮಗುವಿನ ಲೆಕ್ಕವಲ್ಲ. ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವ ಮಾತು ಇಷ್ಟೇ. ಮುಂದಿನದು ಇದರ ವಿಸ್ತಾರ.

ಪ್ರತಿ ವರ್ಷ ಫಲಿತಾಂಶದ ಕಾಲದಲ್ಲಿ ನಮ್ಮ ಶಾಲೆಯ ಅಂಗಳದಲ್ಲಿ ನಡೆಯುವ ವಾದವನ್ನು ನಾವು ಕಾರ್ಯಾಲಯದ ಕಿಟಕಿಯಿಂದ ಕೇಳುತ್ತಿರುತ್ತೇವೆ. ಒಂದು ಪಕ್ಷದವರು, "ಅಂಕವೇ ನ್ಯಾಯ. ಅಂಕವನ್ನು ಬಿಟ್ಟರೆ ಶಿಫಾರಸು ಬರುತ್ತದೆ, ಹಣ ಬರುತ್ತದೆ, ಮುಖ ನೋಡಿ ಮಣೆ ಹಾಕುವುದು ಬರುತ್ತದೆ" ಎನ್ನುತ್ತಾರೆ. ಇನ್ನೊಂದು ಪಕ್ಷದವರು, "ಇದು ಬುದ್ಧಿಯ ಪರೀಕ್ಷೆಯಲ್ಲ, ತರಬೇತಿಯ ಪರೀಕ್ಷೆ. ಹಣವಿದ್ದವರು 4ನೆಯ ತರಗತಿಯಿಂದಲೇ ತರಬೇತಿ ಕೇಂದ್ರಕ್ಕೆ ಸೇರಿಸುತ್ತಾರೆ, ಕೂಲಿಯವರ ಮಗಳು ಪ್ರಶ್ನಪತ್ರಿಕೆಯನ್ನು ಅದೇ ದಿನ ಮೊದಲು ಕಾಣುತ್ತಾಳೆ" ಎನ್ನುತ್ತಾರೆ. ನಾವು ಈ ಇಬ್ಬರ ಮಾತಿನಲ್ಲಿಯೂ ಸತ್ಯಾಂಶವನ್ನು ಕಾಣುತ್ತೇವೆ. ಪರೀಕ್ಷೆಯ ಪತ್ರಿಕೆಗೆ ದಾಕ್ಷಿಣ್ಯವಿಲ್ಲವೆಂಬುದು ನಿಜ. ಬಡವರ ಮಕ್ಕಳಿಗೆ ಅದು ಅನೇಕ ಕಡೆ ದೊಡ್ಡ ಬಾಗಿಲನ್ನೇ ತೆರೆದಿದೆ. ಆದರೆ ಪತ್ರಿಕೆಯ ಮುಂದೆ ಬಂದು ಕುಳಿತವರನ್ನು ಮಾತ್ರ ಅದು ಅಳೆಯಬಲ್ಲದು. ಯಾರನ್ನು ಕರೆತಂದು ಕೂರಿಸಿದರು, ಯಾರನ್ನು ಮನೆಯಲ್ಲಿಯೇ ಬಿಟ್ಟರು ಎಂಬುದು ಪತ್ರಿಕೆಗೆ ಗೊತ್ತಾಗುವುದಿಲ್ಲ.

ಇದಕ್ಕೆ ಅಮೆರಿಕದ ಒಂದು ನಿದರ್ಶನವನ್ನು ಕೊಡುತ್ತೇವೆ. ಫ್ಲಾರಿಡಾ ಪ್ರಾಂತದ ಬ್ರೋವರ್ಡ್ ಜಿಲ್ಲೆಯ ಶಾಲೆಗಳಲ್ಲಿ ಪ್ರತಿಭಾವಂತ ಮಕ್ಕಳ ವಿಶೇಷ ತರಗತಿಗಳಿಗೆ ಮೊದಲು ಉಪಾಧ್ಯಾಯರು ಮತ್ತು ತಾಯ್ತಂದೆಗಳು ಸೂಚಿಸಿದ ಮಕ್ಕಳನ್ನು ಮಾತ್ರ ಪರೀಕ್ಷಿಸುತ್ತಿದ್ದರು. 2005ರಲ್ಲಿ ಅಲ್ಲಿನವರು ಆ ಪದ್ಧತಿಯನ್ನು ಬದಲಿಸಿ, 2ನೆಯ ತರಗತಿಯ ಎಲ್ಲ ಮಕ್ಕಳಿಗೂ ಒಂದು ಸಣ್ಣ ಪರೀಕ್ಷೆಯನ್ನು ಶಾಲೆಯಲ್ಲಿಯೇ ಕೊಟ್ಟು ನೋಡಿದರು. ವಿಶೇಷ ತರಗತಿಗೆ ಬೇಕಾದ ಮಟ್ಟವನ್ನು ಇಳಿಸಲಿಲ್ಲ. ಹಾಗಿದ್ದರೂ ಬಡವರ ಮಕ್ಕಳೂ ಕರಿಯ ಜನರ ಮಕ್ಕಳೂ ಸ್ಪಾನಿಷ್ ಮಾತಾಡುವ ಮನೆಗಳ ಮಕ್ಕಳೂ ಮೊದಲಿಗಿಂತ ಬಹಳ ಹೆಚ್ಚಾಗಿ ಆಯ್ಕೆಯಾದರು. ಡೇವಿಡ್ ಕಾರ್ಡ್ ಮತ್ತು ಲಾರಾ ಜಿಯುಲಿಯಾನೊ ಎಂಬ ಇಬ್ಬರು ವಿದ್ವಾಂಸರು ಇದನ್ನು ಪರಿಶೀಲಿಸಿ 2016ರಲ್ಲಿ ಪ್ರಕಟಿಸಿದರು. ಮುಂದೆ ಹಣದ ಅಭಾವದಿಂದ ಎಲ್ಲರ ಪರೀಕ್ಷೆಯು ನಿಂತಾಗ ಹಳೆಯ ಅಸಮಾನತೆಯು ಹಿಂದಿರುಗಿತು. ಆ ಮಕ್ಕಳ ಬುದ್ಧಿಯು ಹೊಸದಾಗಿ ಹುಟ್ಟಿದ್ದೂ ಅಲ್ಲ, ಮರಳಿ ಅಳಿದದ್ದೂ ಅಲ್ಲ. ನೋಡುವ ಕಣ್ಣು ಒಮ್ಮೆ ತೆರೆಯಿತು, ಆಮೇಲೆ ಮುಚ್ಚಿತು, ಅಷ್ಟೇ.

ದೂರದ ಫ್ಲಾರಿಡಾವನ್ನು ನೋಡಿ ನಾವು ತಲೆಯಾಡಿಸಿದರೆ ಸಾಲದು. ನಮ್ಮ ಮನೆಗಳ ಒಳಗೂ ನೋಡಬೇಕು. ಮನೆಯಲ್ಲಿ ಗಂಡುಮಗನೂ ಹೆಣ್ಣುಮಗಳೂ ಇದ್ದರೆ ತರಬೇತಿಯ ಶುಲ್ಕವು ಯಾರ ಹೆಸರಿಗೆ ಹೋಗುತ್ತದೆ? ಅರ್ಜಿಯ ಕಾಲದಲ್ಲಿ ನಾವು ತಾಯಂದಿರನ್ನು ಕರೆದು ಹೇಳಿದಾಗ, "ಅವಳು ಜಾಣೆ ನಿಜ, ಆದರೆ ಹೆಣ್ಣುಮಗುವನ್ನು ನಿಲಯದಲ್ಲಿ ಬಿಡುವುದು ಹೇಗೆ? ಅವಳ ಅಣ್ಣನು ಬರೆದಿದ್ದಾನೆ, ಸಾಕು" ಎಂಬ ಉತ್ತರವನ್ನು ಕೇಳಿದ್ದೇವೆ. ಮಗಳನ್ನು ದೂರ ಕಳುಹಿಸಲು ಅಂಜುವ ತಾಯಿಯ ಅಂತಃಕರಣವನ್ನು ನಾವು ಹೀಗಳೆಯುವುದಿಲ್ಲ. ಆದರೆ ಪರೀಕ್ಷೆಗೇ ಕೂರದ ಆ ಮಗಳನ್ನು ಮುಂದೊಂದು ದಿನ "ನಿನ್ನ ಅಣ್ಣನಷ್ಟು ನೀನು ಚುರುಕಲ್ಲ" ಎಂದು ಅದೇ ಮನೆಯವರು ಅನ್ನುವುದನ್ನೂ ನಾವು ಕೇಳಿದ್ದೇವೆ. ಮೂರರಲ್ಲಿ ಒಂದು ಪಾಲು ಸರಕಾರವು ಹೆಣ್ಣುಮಕ್ಕಳಿಗೆ ಇಟ್ಟ ಕನಿಷ್ಠ ಮಿತಿಯೇ ಹೊರತು ಗರಿಷ್ಠ ಮಿತಿಯಲ್ಲವೆಂಬುದನ್ನು ತಾಯಂದಿರು ನೆನಪಿನಲ್ಲಿಡಬೇಕು.

ಹೆಣ್ಣುಮಕ್ಕಳ ಅಂಕದ ವಿಷಯದಲ್ಲಿ ಇಂಗ್ಲೆಂಡಿನ ಇತಿಹಾಸವೂ ಒಂದು ಪಾಠವನ್ನು ಹೇಳುತ್ತದೆ. 1944ರ ಶಿಕ್ಷಣ ಶಾಸನದ ತರುವಾಯ ಅಲ್ಲಿ ಮಕ್ಕಳನ್ನು 11ನೆಯ ವಯಸ್ಸಿನ ಪರೀಕ್ಷೆಯಿಂದ ವಿಂಗಡಿಸಿ, ಕೆಲವರನ್ನು ಗ್ರಾಮರ್ ಶಾಲೆಗಳಿಗೂ ಉಳಿದ ಬಹುಮಂದಿಯನ್ನು ಇತರ ಶಾಲೆಗಳಿಗೂ ಕಳುಹಿಸುತ್ತಿದ್ದರು. ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಗ್ರಾಮರ್ ಶಾಲೆಗಳಲ್ಲಿ ಬಾಲಕರಿಗೆ 540 ಸ್ಥಾನಗಳೂ ಬಾಲಕಿಯರಿಗೆ 360 ಸ್ಥಾನಗಳೂ ಇದ್ದವು. ಆದಕಾರಣ ಬಾಲಕಿಯು ಒಳಗೆ ಹೋಗಬೇಕಾದರೆ ಬಾಲಕನಿಗಿಂತ ಹೆಚ್ಚು ಅಂಕ ಪಡೆಯಬೇಕಾಗುತ್ತಿತ್ತು. 1989ರಲ್ಲಿ ಆ ದೇಶದ ಅತ್ಯುಚ್ಚ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್, ಇದು ಹೆಣ್ಣುಮಕ್ಕಳಿಗೆ ಮಾಡಿದ ಭೇದವೆಂದು ತೀರ್ಪಿತ್ತಿತು. ಅಲ್ಲಿಯವರೆಗೆ ಎಷ್ಟು ಬಾಲಕಿಯರು ಪಕ್ಕದ ಮನೆಯ ಹುಡುಗನಿಗಿಂತ ಹೆಚ್ಚು ಅಂಕ ಗಳಿಸಿಯೂ ತಾವು ದಡ್ಡರೆಂದು ನಂಬಿಕೊಂಡು ಬೆಳೆದಿರಬೇಕು! ಅವರನ್ನು ಹೊರಗೆ ನಿಲ್ಲಿಸಿದ್ದು ಅವರ ಬುದ್ಧಿಯಲ್ಲ, ಬೆಂಚುಗಳ ಎಣಿಕೆ.

ಬುದ್ಧಿಯನ್ನು ಅಳೆಯುವ ವಿದ್ಯೆಗೆ ತಳಹದಿ ಹಾಕಿದವರೂ ಇಂಥ ತೀರ್ಪನ್ನು ಬಯಸಿರಲಿಲ್ಲ. 1904ರಲ್ಲಿ ಫ್ರಾನ್ಸ್ ದೇಶದ ಸರಕಾರವು ಶಾಲೆಯಲ್ಲಿ ಹಿಂದುಳಿಯುವ ಮಕ್ಕಳ ವಿಷಯವನ್ನು ವಿಚಾರಿಸಲು ಒಂದು ಮಂಡಲಿಯನ್ನು ನೇಮಿಸಿತು. ಆ ಕಾರ್ಯದ ಫಲವಾಗಿ ಆಲ್ಫ್ರೆಡ್ ಬಿನೆ ಎಂಬವರು ತಿಯೊಡೋರ್ ಸಿಮೋನ್ ಎಂಬವರೊಡಗೂಡಿ 1905ರಲ್ಲಿ ತಮ್ಮ ಅಳತೆಗೋಲನ್ನು ಸಿದ್ಧಪಡಿಸಿದರು. ಯಾವ ಮಗುವಿಗೆ ವಿಶೇಷವಾದ ಸಹಾಯ ಬೇಕೆಂಬುದನ್ನು ತಿಳಿಯುವುದೇ ಅದರ ಉದ್ದೇಶವಾಗಿತ್ತು. ಮಗುವಿನ ಬುದ್ಧಿಯು ಹೆಚ್ಚಿಸಲಾಗದ ಒಂದು ನಿಶ್ಚಿತ ಮೊತ್ತವೆಂದು ಸಾರುವವರನ್ನು ಬಿನೆಯವರು 1909ರ ತಮ್ಮ ಗ್ರಂಥದಲ್ಲಿ ಕಟುವಾಗಿ ವಿರೋಧಿಸಿದರು. ಅವರು 1911ರಲ್ಲಿ ತೀರಿಕೊಂಡರು. ಅಳತೆಗೋಲು ಸಮುದ್ರವನ್ನು ದಾಟಿ ಬೇರೆಯವರ ಕೈಗೆ ಹೋಯಿತು. ಅಮೆರಿಕದ ಲೂಯಿಸ್ ಟರ್ಮನ್ ಎಂಬವರು 1921ರಿಂದ ಆ ಬಗೆಯ ಪರೀಕ್ಷೆಯಿಂದ 1,500ಕ್ಕೂ ಹೆಚ್ಚು ಮಕ್ಕಳನ್ನು ಆರಿಸಿ, ಅವರ ಬಾಳನ್ನು ಹಲವು ದಶಕಗಳವರೆಗೆ ಹಿಂಬಾಲಿಸಿ ನೋಡಿದರು. ಆರಿಸಲ್ಪಟ್ಟವರಲ್ಲಿ ಅನೇಕರು ಒಳ್ಳೆಯ ಪದವಿಗಳಿಗೆ ಏರಿದರು. ಆದರೆ ನೊಬೆಲ್ ಪಾರಿತೋಷಕವು ಅವರಲ್ಲಿ ಯಾರಿಗೂ ಬರಲಿಲ್ಲ. ಬಾಲ್ಯದಲ್ಲಿ ಅದೇ ಪರೀಕ್ಷೆಗೆ ಕುಳಿತು, ಅಂಕ ಸಾಲದೆ ಬಿಡಲ್ಪಟ್ಟ ವಿಲಿಯಂ ಶಾಕ್ಲಿಯವರಿಗೆ 1956ರಲ್ಲಿಯೂ ಲೂಯಿಸ್ ಆಲ್ವರೆಜ್ ಅವರಿಗೆ 1968ರಲ್ಲಿಯೂ ಭೌತಶಾಸ್ತ್ರದ ನೊಬೆಲ್ ಪಾರಿತೋಷಕವು ಬಂದಿತು.

ಪರರ ತಪ್ಪನ್ನು ಇಷ್ಟು ಎಣಿಸಿದ ಮೇಲೆ ನಮ್ಮ ತಪ್ಪನ್ನು ಹೇಳದಿರುವುದು ಸರಿಯಲ್ಲ. ನಾವು ಈ ಶಾಲೆಯ ಮುಖ್ಯೋಪಾಧ್ಯಾಯಿನಿಯ ಕೆಲಸವನ್ನು ವಹಿಸಿಕೊಂಡ ಮೊದಲ ವರ್ಷದಲ್ಲಿ 8ನೆಯ ತರಗತಿಗೆ ಸೇರುವ ಬಾಲಕಿಯರಿಗೆ ಒಂದು ಪರೀಕ್ಷೆಯನ್ನಿಟ್ಟು, ಅಂಕಗಳ ಪ್ರಕಾರ "ಎ" ವಿಭಾಗ, "ಬಿ" ವಿಭಾಗವೆಂದು ಬೇರ್ಪಡಿಸಿದೆವು. ಜಾಣೆಯರು ವೇಗವಾಗಿ ಮುಂದುವರಿಯಲಿ, ನಿಧಾನಿಗಳಿಗೆ ನಿಧಾನವಾಗಿ ಕಲಿಸೋಣ ಎಂಬುದೇ ನಮ್ಮ ಎಣಿಕೆ. ತರಬೇತಿ ಕಾಲೇಜಿನಲ್ಲಿ ಓದಿದ ಪುಸ್ತಕಗಳ ಆಧಾರವೂ ನಮಗಿತ್ತು. ಅರ್ಧ ವರ್ಷ ಕಳೆಯುವಷ್ಟರಲ್ಲಿ "ಬಿ" ವಿಭಾಗದಲ್ಲಿ ಪ್ರಶ್ನೆ ಕೇಳಿದರೆ ಕೈಗಳು ಏಳುವುದೇ ನಿಂತುಹೋಯಿತು. ಒಂದು ದಿನ ನಾವು ಆ ತರಗತಿಗೆ ಹೋಗಿ, ಕಿಟಕಿಯ ಬಳಿ ಕುಳಿತಿದ್ದ ಒಬ್ಬ ಬಾಲಕಿಯನ್ನು ಒಂದು ಸುಲಭವಾದ ಲೆಕ್ಕ ಕೇಳಿದೆವು. ಅವಳು ಎದ್ದುನಿಂತು, "ಟೀಚರ್, ನಾವು ಬಿ ವಿಭಾಗದವರು" ಎಂದಳು. ಅದು ಧಿಕ್ಕಾರವಾಗಿರಲಿಲ್ಲ. ನಾವು ದಾರಿ ತಪ್ಪಿ ಬೇರೆಯ ಕೊಠಡಿಗೆ ಬಂದಿದ್ದೇವೆಂದು ಅವಳು ನಿಜವಾಗಿಯೂ ಭಾವಿಸಿದ್ದಳು. ಆ ವರ್ಷ ಮುಗಿಯುತ್ತಲೇ ನಾವು ವಿಭಾಗಗಳನ್ನು ಕಲೆಸಿಬಿಟ್ಟೆವು. ಆದರೆ ಒಮ್ಮೆ ಹಚ್ಚಿದ ಚೀಟಿಯನ್ನು ಕಿತ್ತರೂ ಅಂಟು ಉಳಿಯುತ್ತದೆ. ಆ ಬಾಲಕಿಯರಲ್ಲಿ ಯಾರಾದರೂ ಈ ಪುಟವನ್ನು ಓದುತ್ತಿದ್ದರೆ, ತಪ್ಪು ನಮ್ಮದಾಗಿತ್ತು, ನಿಮ್ಮದಲ್ಲವೆಂದು ಬಹಿರಂಗವಾಗಿ ಹೇಳಿಕೊಳ್ಳುತ್ತೇವೆ.

"ಬೆಳೆಯ ಸಿರಿ ಮೊಳಕೆಯಲ್ಲಿ" ಎಂಬ ಗಾದೆಯನ್ನು ಪೋಷಕರು ನಮಗೆ ಆಗಾಗ ನೆನಪಿಸುತ್ತಾರೆ. ಗಾದೆ ಸುಳ್ಳಲ್ಲ, ಆದರೆ ಅದನ್ನು ಒಕ್ಕಲಿಗನ ಬಾಯಿಂದ ಕೇಳಬೇಕು. ರಾಗಿಯ ಮೊಳಕೆಯನ್ನು ನೋಡಿ ನಾಲ್ಕು ತಿಂಗಳಲ್ಲಿ ಬರುವ ಬೆಳೆಯನ್ನು ಅವನು ಊಹಿಸಬಲ್ಲನು. ಅಡಿಕೆಯ ಸಸಿಯನ್ನು ನೆಟ್ಟವನು ಮೊದಲ ಗೊನೆಯನ್ನು ಕಾಣಲು ಐದಾರು ವರ್ಷ ಕಾಯುತ್ತಾನೆ. ಅಲ್ಲಿಯವರೆಗೆ ನೀರು ಹೊಯ್ಯುತ್ತಾನೆ, ಬಿಸಿಲು ತಾಗದಂತೆ ನೆರಳು ಮಾಡುತ್ತಾನೆ. ಇದು ರಾಗಿಯಷ್ಟು ಬೇಗ ತೆನೆ ಬಿಡಲಿಲ್ಲವೆಂದು ಕಿತ್ತೆಸೆಯುವುದಿಲ್ಲ. ಮಕ್ಕಳಲ್ಲಿಯೂ ಎರಡು ಬಗೆಯುಂಟು. ಹತ್ತು ವರ್ಷದಲ್ಲಿ ಹೊಳೆಯುವವರನ್ನು ನಾವು ಮೆಚ್ಚುತ್ತೇವೆ. ಹದಿನೈದರಲ್ಲಿ, ಇಪ್ಪತ್ತರಲ್ಲಿ, ಕೆಲವರು ತಮ್ಮ ಮಕ್ಕಳು ಶಾಲೆಗೆ ಹೋದ ಮೇಲೆ ಪುಸ್ತಕ ಹಿಡಿದು, ಬೆಳಗಿದ್ದನ್ನೂ ನಾವು ಕಂಡಿದ್ದೇವೆ.

ಹೀಗಿರಲಾಗಿ ಪೋಷಕರಲ್ಲಿ ಕೆಲವು ಮಾತುಗಳನ್ನು ನಿವೇದಿಸಿಕೊಳ್ಳುತ್ತೇವೆ. ಮೊದಲನೆಯದಾಗಿ, ಪರೀಕ್ಷೆಯನ್ನು ಬಹಿಷ್ಕರಿಸಬೇಡಿರಿ. ಅರ್ಹಳಾದ ಪ್ರತಿಯೊಬ್ಬ ಬಾಲಕಿಯೂ ಅದನ್ನು ಬರೆಯಲಿ. ಅಣ್ಣತಮ್ಮಂದಿರಿಗೆ ಸಿಗುವ ಸಿದ್ಧತೆಯೇ ಅವಳಿಗೂ ಸಿಗಲಿ. ಬರುವ ವರ್ಷದಿಂದ 5ನೆಯ ತರಗತಿಯ ಎಲ್ಲ ಬಾಲಕಿಯರಿಗೂ ಹಳೆಯ ಪ್ರಶ್ನಪತ್ರಿಕೆಗಳ ಅಭ್ಯಾಸವನ್ನು ಶಾಲೆಯ ವೇಳೆಯಲ್ಲಿಯೇ, ಶುಲ್ಕವಿಲ್ಲದೆ, ಮಾಡಿಸಲು ನಮ್ಮ ಉಪಾಧ್ಯಾಯಿನಿಯರು ಒಪ್ಪಿದ್ದಾರೆ. ಕೇಳಿದವರಿಗೆ ಮಾತ್ರವಲ್ಲ, ಎಲ್ಲರಿಗೂ. ಎರಡನೆಯದಾಗಿ, ಆಯ್ಕೆಯಾಗದ ಮಗಳಿಗೆ "ಫೇಲಾದೆ" ಎನ್ನಬೇಡಿರಿ. ಈ ಪರೀಕ್ಷೆಯಲ್ಲಿ ಸ್ಥಾನ ಸಿಗುವುದು ಸಿಗದಿರುವುದು ಉಂಟು. ಅದು ಮಗುವಿನ ಮೇಲೆ ಬರೆದ ತೀರ್ಪಲ್ಲ. 9ನೆಯ ತರಗತಿಯಲ್ಲಿ ತೆರವಾದ ಸ್ಥಾನಗಳಿಗೆ ನವೋದಯದವರೇ ಮತ್ತೊಂದು ಪರೀಕ್ಷೆಯನ್ನು ನಡೆಸುತ್ತಾರೆಂಬುದನ್ನೂ ತಿಳಿದಿರಿ. ಮೂರನೆಯದಾಗಿ, ಒಬ್ಬ ಮಗಳ ಅಂಕವನ್ನು ಇನ್ನೊಬ್ಬಳ ಮುಂದೆ ಎತ್ತಿಹಿಡಿಯಬೇಡಿರಿ. ಅಕ್ಕತಂಗಿಯರ ನಡುವೆ ಹಾಗೆ ಬಿದ್ದ ಬಿರುಕು ಮದುವೆಯಾಗಿ ಹೋದ ಮೇಲೂ ಮುಚ್ಚದಿರುವುದನ್ನು ನಾವು ನೋಡಿದ್ದೇವೆ. ನಾಲ್ಕನೆಯದಾಗಿ, ಪರೀಕ್ಷೆಯ ನೆಪದಲ್ಲಿ ಅವಳ ನಿದ್ರೆಯನ್ನೂ ಆಟವನ್ನೂ ಕಥೆಯ ಪುಸ್ತಕವನ್ನೂ ಕಸಿದುಕೊಳ್ಳಬೇಡಿರಿ. ಭಾಷೆಯ 20 ಪ್ರಶ್ನೆಗಳಿಗೆ ಅವಳು ಸಂತೋಷದಿಂದ ಓದಿದ ಕಥೆಗಿಂತ ಒಳ್ಳೆಯ ತರಬೇತಿ ಯಾವುದೂ ಇಲ್ಲ.

ಈಗ ಆ ತಂದೆಯವರ ಪ್ರಶ್ನೆಗೆ ಬರುತ್ತೇವೆ. ಗೆದ್ದ ಮಕ್ಕಳ ಹೆಸರನ್ನು ನಾವು ಮರೆಮಾಡಿಲ್ಲ. ಆಯ್ಕೆಯಾದ ಬಾಲಕಿಯರನ್ನು ಬೆಳಗಿನ ಸಭೆಯಲ್ಲಿ ಎಲ್ಲರ ಮುಂದೆ ಹೆಸರಿಸಿ, ಹರಸಿ, ಒಂದೊಂದು ಪುಸ್ತಕವನ್ನು ಕೈಗಿತ್ತು ಕಳುಹಿಸುತ್ತೇವೆ; ಮುಂದೆಯೂ ಹಾಗೆಯೇ ಮಾಡುವೆವು. ಅವರ ಪರಿಶ್ರಮಕ್ಕೆ ಅದು ಸಲ್ಲಲೇಬೇಕು. ಆದರೆ ಸ್ಮರಣ ಸಂಚಿಕೆಯು ಒಂದು ದಿನದ ಸಭೆಯಲ್ಲ. ಅದು ಮನೆಯ ಪೆಟ್ಟಿಗೆಯಲ್ಲಿ ಮೂವತ್ತು ನಲವತ್ತು ವರ್ಷ ಉಳಿಯುವ ವಸ್ತು. ಹತ್ತು ವರ್ಷದ ಮಗುವಿನ ಒಂದು ಬೆಳಗಿನ ಅಂಕವನ್ನು ಅಷ್ಟು ಕಾಲ ಕಾಪಾಡುವುದು ಆ ಪಟ್ಟಿಯಲ್ಲಿ ಇರುವವಳಿಗೂ ಹಿತವಲ್ಲ, ಇಲ್ಲದವಳಿಗೂ ಹಿತವಲ್ಲ. ಇರುವವಳು ಮುಂದೆಂದಾದರೂ ಎಡವಿದರೆ ಆ ಅಂಕವೇ ಅವಳನ್ನು ಅಣಕಿಸುವುದು. ಇಲ್ಲದವಳು ಪ್ರತಿ ಸಲ ಸಂಚಿಕೆಯನ್ನು ತೆರೆದಾಗಲೂ ತನ್ನ ಹೆಸರಿಲ್ಲದ ಪುಟವನ್ನೇ ಮೊದಲು ಕಾಣುವಳು.

ಹಳೆಯ ವಿದ್ಯಾರ್ಥಿನಿಯರೇ, ಈ ವಿಷಯದಲ್ಲಿ ನಿಮ್ಮಷ್ಟು ಬಲವಾದ ಸಾಕ್ಷಿ ನಮಗೆ ಬೇರೆಯಿಲ್ಲ. ನಿಮ್ಮಲ್ಲಿ ದಾದಿಯರಿದ್ದೀರಿ, ಉಪಾಧ್ಯಾಯಿನಿಯರಿದ್ದೀರಿ, ಕಚೇರಿಗಳನ್ನೂ ಅಂಗಡಿಗಳನ್ನೂ ತೋಟಗಳನ್ನೂ ನಡೆಸುವವರಿದ್ದೀರಿ, ಗಂಡನನ್ನು ಕಳೆದುಕೊಂಡು ಒಂಟಿಯಾಗಿ ಮಕ್ಕಳನ್ನು ಓದಿಸಿದವರಿದ್ದೀರಿ. ನಿಮ್ಮಲ್ಲಿ ಬಹುಮಂದಿಯ ಹೆಸರು ಯಾವ ಆಯ್ಕೆಯ ಪಟ್ಟಿಯಲ್ಲಿಯೂ ಇರಲಿಲ್ಲ. ಫಲಿತಾಂಶದ ದಿನಗಳಲ್ಲಿ ಒಮ್ಮೆ ಶಾಲೆಗೆ ಬಂದು 5ನೆಯ ತರಗತಿಯ ಬಾಲಕಿಯರ ಜೊತೆಯಲ್ಲಿ ಒಂದು ಗಂಟೆ ಕುಳಿತುಕೊಳ್ಳಿರಿ. ನೀವು ಆ ವಯಸ್ಸಿನಲ್ಲಿ ಎಷ್ಟು ಅಂಕ ಪಡೆದಿರೆಂಬುದನ್ನು ನಗುತ್ತಾ ಹೇಳಿರಿ. ಆಮೇಲೆ ಏನು ಮಾಡಿದಿರೆಂಬುದನ್ನೂ ಹೇಳಿರಿ. ಬಾಗಿಲು ತೆರೆದಿರುವುದು. ಮುಂದಾಗಿ ತಿಳಿಸಬೇಕಾದ ಅಗತ್ಯವೂ ಇಲ್ಲ.